ಬರೆ ಪಕ್ಕದ ಸೈಟಿಗೆ ಮನೆ ಲೈಸೆನ್ಸ್: ನನ್ನ ಅನುಭವ

ನಮ್ಮದು ನಲವತ್ತು ಅರವತ್ತರ ಸೈಟು. ಕೊಡಗಿನ ಒಂದು ಸಣ್ಣ ಪಟ್ಟಣದಲ್ಲಿ, ಮೇಲಕ್ಕೆ ಹತ್ತುವ ಓಣಿಯ ಕೊನೆಯಲ್ಲಿದೆ. ಮುಂದೆ ರಸ್ತೆ, ಹಿಂದೆ ಬರೆ. ನಮ್ಮ ಜಿಲ್ಲೆಯವರಿಗೆ ಬರೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ, ಗುಡ್ಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆ ಅದು. ಮಳೆಗಾಲದಲ್ಲಿ ಪೇಪರಿನಲ್ಲಿ 'ಬರೆ ಕುಸಿತ' ಅಂತ ಬರುತ್ತದಲ್ಲ, ಅದೇ.

ಮನೆ ಕಟ್ಟುವ ಅನುಮತಿಗೆ, ಅಂದರೆ ಲೈಸೆನ್ಸಿಗೆ, 2023ರ ಜೂನ್‌ನಲ್ಲಿ ಓಡಾಟ ಶುರು ಮಾಡಿದೆ. ಲೈಸೆನ್ಸ್ ಕೈಗೆ ಸಿಕ್ಕಿದ್ದು ನವೆಂಬರ್ ಕೊನೆಗೆ. ಆಫೀಸಿನಲ್ಲಿ ಫೈಲು ಕೂತ ದಿನಗಳಿಗಿಂತ ನಮ್ಮ ನೆಲದ ಅಳತೆ ಸರಿಮಾಡಲು ಹೋದ ದಿನಗಳೇ ಜಾಸ್ತಿ. ಹಾಗಾಗಿ ಆ ಭಾಗವನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ಯಾರ ಹತ್ತಿರ ಹೋಗಬೇಕು ಅನ್ನುವ ವಿಷಯ. ಜಾಗ ಪಟ್ಟಣದ ಮಿತಿಯೊಳಗಿದ್ದರೆ ಪಟ್ಟಣ ಪಂಚಾಯಿತಿ ಅಥವಾ ಪುರಸಭೆ, ಮಡಿಕೇರಿಯಲ್ಲಾದರೆ ನಗರಸಭೆ. ಇವೆಲ್ಲ 1964ರ ಪುರಸಭೆಗಳ ಕಾಯ್ದೆಯ 187ನೇ ಕಲಂ ಪ್ರಕಾರ ಅನುಮತಿ ಕೊಡುತ್ತವೆ. ಮಿತಿಯ ಆಚೆಗಿದ್ದರೆ ಗ್ರಾಮ ಪಂಚಾಯಿತಿ, ಅಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ನನ್ನ ಭಾವ ಗೋಣಿಕೊಪ್ಪದ ಕಡೆ ಪಂಚಾಯಿತಿಯಲ್ಲಿ ಮಾಡಿಸಿದಾಗ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿದ್ದರು. ನನ್ನ ಹತ್ತಿರ ಕೇಳಿದ್ದು ನಮೂನೆ 3, ಎಲ್ಲರೂ ಇ-ಖಾತೆ ಅನ್ನುತ್ತಾರಲ್ಲ, ಅದು. ಜಾಗ ಇನ್ನೂ ಪಹಣಿಯಲ್ಲೇ ಇದ್ದರೆ, ಅಂದರೆ ತೋಟದ ಒಂದು ಮೂಲೆಯೋ, ಗದ್ದೆಯ ಅಂಚೋ, ಬಾಣೆಯೋ (ಗದ್ದೆಗೆ ಸೇರಿದ ಮರಗಿಡದ ಜಾಗ) ಆಗಿದ್ದರೆ, ಇದಕ್ಕೆಲ್ಲ ಮೊದಲು ಆ ತುಂಡು ಜಾಗದ ಸರ್ವೆ ನಕ್ಷೆಯನ್ನು, ಅಂದರೆ 11ಇ ನಕ್ಷೆ ಮಾಡಿಸಿ, ಕೃಷಿ ಜಾಗವನ್ನು ಮನೆ ಜಾಗ ಮಾಡುವ ಭೂ ಪರಿವರ್ತನೆ ಆದೇಶವನ್ನು ಜಿಲ್ಲಾಧಿಕಾರಿಗಳಿಂದ ತರಬೇಕು. ಜಮ್ಮಾ ಜಾಗವಾದರೆ, ಅಂದರೆ ಕೊಡಗಿನ ಕುಟುಂಬಗಳು ತಲೆತಲಾಂತರದಿಂದ ಒಟ್ಟಾಗಿ ಹಿಡಿದಿರುವ ಜಾಗವಾದರೆ, ಪಹಣಿಯಲ್ಲಿ ಕುಟುಂಬದವರ ಹೆಸರುಗಳ ಸಾಲೇ ಇರುತ್ತದೆ. ಅವರೆಲ್ಲರ ಒಪ್ಪಿಗೆಗೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ನಮ್ಮದು ಪರಿವರ್ತನೆ ಆಗಿದ್ದ ಬಡಾವಣೆಯ ಸೈಟು, ಆ ಕೆಲಸ ಇರಲಿಲ್ಲ.

ಶುರುವಿನಲ್ಲೇ ಒಬ್ಬ ಏಜೆಂಟ್ ಸಿಕ್ಕಿದ. ನಲವತ್ತು ಸಾವಿರ ಕೊಡಿ, ನೀವು ಆಫೀಸಿನ ಮೆಟ್ಟಿಲೂ ಹತ್ತಬೇಡಿ, ಪ್ಲಾನ್ ಸಮೇತ ಎಲ್ಲ ಮಾಡಿಸಿ ಕೊಡುತ್ತೇನೆ ಅಂದ. ಅವನು ತೋರಿಸಿದ ಪ್ಲಾನ್ ನೋಡಿದೆ. ಮೈಸೂರಿನ ಯಾವುದೋ ಬಡಾವಣೆಗೆ ಮಾಡಿದ ಹಾಗಿತ್ತು. ನೆಲ ಮೇಜಿನ ಹಾಗೆ ಸಮತಟ್ಟು. ನಮ್ಮ ಸೈಟು ರಸ್ತೆಯಿಂದ ಹಿಂದಿನ ಗಡಿಯವರೆಗೆ ಹತ್ತು ಅಡಿ ಏರುತ್ತದೆ! ಆ ನಕ್ಷೆಗೆ ಸಹಿ ಹಾಕಿದರೆ ಆ ಹತ್ತು ಅಡಿಯನ್ನು ಜೆಸಿಬಿಯಲ್ಲಿ ಬಗೆದು ತೆಗೆಯಬೇಕು, ಹಿಂದೆ ಇನ್ನೂ ಎತ್ತರದ ಬರೆ ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು, ಮರುವರ್ಷ ತೋರದಲ್ಲಿ ಕುಸಿದದ್ದು ನಮಗೆ ಮರೆಯುವಂಥದ್ದಲ್ಲ. ನನ್ನ ಚಿಕ್ಕಮ್ಮನ ಮನೆಯವರು ಆ ವರ್ಷ ಪರಿಹಾರ ಕೇಂದ್ರದಲ್ಲಿ ಮೂರು ವಾರ ಮಲಗಿದ್ದರು. ಏಜೆಂಟನಿಗೆ ಬೇಡ ಅಂದೆ. ನೋಂದಣಿ ಇರುವ ಸ್ಥಳೀಯ ಎಂಜಿನಿಯರ್ ಒಬ್ಬರನ್ನು ಹಿಡಿದೆ.

ಆದರೂ ಒಂದು ತಪ್ಪಾಯಿತು. ಎಂಜಿನಿಯರ್ ಕ್ರಯಪತ್ರದ ಅಳತೆ ನೋಡಿ ಪ್ಲಾನ್ ಹಾಕಿದರು. ಜುಲೈನಲ್ಲಿ ಆನ್‌ಲೈನ್‌ನಲ್ಲಿ ಅರ್ಜಿ ಹೋಯಿತು. ಆಗಸ್ಟ್‌ನಲ್ಲಿ ಸ್ಥಳ ನೋಡಲು ಆಫೀಸಿನ ಎಂಜಿನಿಯರ್ ಬಂದರು. ಟೇಪು ಹಿಡಿದರೆ ಉದ್ದ ಅರವತ್ತು ಇಲ್ಲ. ಒಂದು ಕಡೆ ಐವತ್ತೇಳು ಅಡಿ ನಾಲ್ಕು ಇಂಚು, ಇನ್ನೊಂದು ಕಡೆ ಐವತ್ತೆಂಟು. ಪ್ಲಾನ್‌ನಲ್ಲಿ ಹಿಂದೆ, ಗಡಿಯಿಂದ ಖಾಲಿ ಬಿಡಬೇಕಾದ ಜಾಗ ಅಂತ, ಐದು ಅಡಿ ಸೆಟ್‌ಬ್ಯಾಕ್ ತೋರಿಸಿದ್ದೆವು, ನೆಲದ ಮೇಲೆ ಅದು ಎರಡೂವರೆ ಅಡಿಗೆ ಇಳಿಯುತ್ತಿತ್ತು. ಫೈಲು ವಾಪಸ್ ಬಂತು. ಅವರನ್ನು ದೂರುವಂತಿಲ್ಲ, ಅಲ್ವಾ? ಇಲ್ಲದ ಜಾಗಕ್ಕೆ ಅವರು ಹೇಗೆ ಅನುಮತಿ ಕೊಡುತ್ತಾರೆ?

ನನಗೆ ಮೊದಲು ಬಂದ ಅನುಮಾನ ಮೇಲಿನ ಮನೆಯವರ ಮೇಲೆ. ಬೇಲಿ ಒತ್ತಿದ್ದಾರೆ ಅಂತ. ಜಗಳಕ್ಕೆ ಹೋಗುವ ಮೊದಲು ಬಡಾವಣೆಯ ಮೂಲ ನಕ್ಷೆಯ ದೃಢೀಕೃತ ನಕಲಿಗೆ ಅರ್ಜಿ ಹಾಕೋಣ ಅಂತ ಎಂಜಿನಿಯರ್ ಹೇಳಿದರು. ಅದು ಒಳ್ಳೆಯ ಮಾತಾಯಿತು. ನಕ್ಷೆ ಬಂದ ಮೇಲೆ ಒಂದು ಭಾನುವಾರ ನಾನು, ಎಂಜಿನಿಯರ್, ಒಬ್ಬ ಕೆಲಸದವ ಸೇರಿ ಸೈಟಿಗೆ ಹೋದೆವು. ಸಣ್ಣ ಮಳೆ. ಕಾಲಿಗೆ ಜಿಗಣೆ. ರಸ್ತೆ ಕಡೆಯ ಎರಡು ಬಾಂದುಕಲ್ಲು (ಗಡಿ ಗುರುತಿನ ಕಲ್ಲು) ಕಣ್ಣಿಗೆ ಕಾಣುತ್ತಿದ್ದವು. ಅಲ್ಲಿಂದ ಟೇಪು ಎಳೆದರೆ ಅರವತ್ತನೇ ಅಡಿ ಬರೆಯ ಬುಡದ ಮಣ್ಣಿನೊಳಗೆ ಬೀಳುತ್ತಿತ್ತು. ಜರಿಗಿಡ ಸವರಿ ಹಾರೆಯಲ್ಲಿ ಅಗೆದೆವು. ಎರಡೂವರೆ ಅಡಿ ಆಳಕ್ಕೆ ಹೋದಾಗ ಹಾರೆ ಟಣ್ ಅಂತು. ಕೈಯಿಂದ ಕೆಸರು ಒರೆಸಿದರೆ ಚಪ್ಪಡಿ ಕಲ್ಲಿನ ತಲೆ, ಅದರ ಮೇಲೆ ಕೂಡಿಸುವ ಚಿಹ್ನೆಯ ಹಾಗೆ ಕೆತ್ತಿದ ಗುರುತು. ಕಲ್ಲು ಇದ್ದ ಜಾಗದಲ್ಲೇ ಇತ್ತು. ಮಣ್ಣು ಮೇಲಿನಿಂದ ಇಳಿದು ಅದನ್ನು ಮುಚ್ಚಿತ್ತು.

ಮೇಲಿನ ಮನೆಯ ಹಿರಿಯರು ಕೊಡೆ ಹಿಡಿದು ಬೇಲಿ ಹತ್ತಿರ ನಿಂತು ನೋಡುತ್ತಿದ್ದರು. "ಆ ವರ್ಷದ ಮಳೆಗೆ ಬೇಲಿ ಸಮೇತ ಜಾರಿದ್ದು, ನಾವು ಇದ್ದಲ್ಲೇ ಮತ್ತೆ ಕಂಬ ನೆಟ್ಟೆವು" ಅಂದರು. ಯಾರೂ ಯಾರ ಜಾಗವನ್ನೂ ಒತ್ತಿರಲಿಲ್ಲ. ಎರಡನೇ ಕಲ್ಲು ಹುಡುಕಲು ಅವರೇ ಗುದ್ದಲಿ ತಂದುಕೊಟ್ಟರು. ಬೇಲಿ ಸರಿಸಲು, ತಡೆಗೋಡೆ ಕಟ್ಟಲು ಒಪ್ಪಿಗೆ ಬರೆದುಕೊಟ್ಟರು. ಆ ಭಾನುವಾರ ನಾನು ಜಗಳ ಮಾಡಿಕೊಂಡು ಹೋಗಿದ್ದರೆ ಈ ಮನೆ ಇವತ್ತಿಗೂ ಏಳುತ್ತಿರಲಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ. ಸೈಟು ಕೊಳ್ಳುವಾಗಲೇ ನಾಲ್ಕೂ ಕಲ್ಲು ಕಣ್ಣಾರೆ ನೋಡಿ. ಕಾಣದಿದ್ದರೆ ಅಗೆಸಿ ನೋಡಿ. ಪ್ಲಾನ್ ಆಮೇಲೆ.

ಫೈಲು ವಾಪಸ್ ಬಂದದ್ದರಿಂದ ಇನ್ನೊಂದು ಒಳ್ಳೆಯದಾಯಿತು. ಸ್ಥಳ ನೋಡಲು ಬಂದವರು ಹೋಗುವಾಗ ಎರಡು ಪ್ರಶ್ನೆ ಕೇಳಿದ್ದರು. ಈ ಬರೆಗೆ ಏನು ಮಾಡ್ತೀರಿ? ಮೇಲಿನ ನೀರು ಎಲ್ಲಿಗೆ ಹೋಗುತ್ತೆ? ನಮ್ಮ ಮೊದಲಿನ ಪ್ಲಾನ್‌ನಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ. ರೂಮು ಎಷ್ಟು ದೊಡ್ಡದು, ಅಡುಗೆಮನೆ ಯಾವ ದಿಕ್ಕಿಗೆ ಅಂತ ನಾವು ಮನೆಯವರೆಲ್ಲ ತಿಂಗಳುಗಟ್ಟಲೆ ಮಾತಾಡಿದ್ದೆವು, ಮನೆಯನ್ನು ಪಕ್ಕದಿಂದ ಸೀಳಿ ತೋರಿಸುವ ಸೆಕ್ಷನ್ ನಕ್ಷೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಹಾಳೆ ಅದು.

ಹೊಸದಾಗಿ ಹಾಕಿಸಿದೆವು. ಮನೆಯನ್ನು ಎರಡು ಮಟ್ಟ ಮಾಡಿದೆವು. ಮುಂದೆ ಹಾಲ್ ಮತ್ತು ಒಂದು ರೂಮು, ಅಲ್ಲಿಂದ ಒಂಬತ್ತು ಮೆಟ್ಟಿಲು ಹತ್ತಿದರೆ ನಾಲ್ಕೂವರೆ ಅಡಿ ಮೇಲೆ ಅಡುಗೆಮನೆ, ಊಟದ ಜಾಗ, ಅಮ್ಮನ ರೂಮು. ಅಮ್ಮನಿಗೆ ಮಂಡಿನೋವು, ಹಾಗಾಗಿ ಅವರಿಗೆ ಬೇಕಾದದ್ದೆಲ್ಲ ಒಂದೇ ಮಟ್ಟದಲ್ಲಿ ಬರುವ ಹಾಗೆ, ಹೊರಗಿನಿಂದಲೂ ಪಕ್ಕದ ದಾರಿಯಲ್ಲಿ ಮೆಟ್ಟಿಲಿಲ್ಲದೆ ನೇರ ಬರುವ ಹಾಗೆ ಇಟ್ಟೆವು. ಹತ್ತು ಅಡಿ ಕಡಿಯಬೇಕಿದ್ದ ಮಣ್ಣು ಐದೂವರೆ ಅಡಿಗೆ ಇಳಿಯಿತು. ಹಿಂದೆ ಕಲ್ಲಿನ ತಡೆಗೋಡೆ, ಅದರ ಬೆನ್ನಿಗೆ ಜಲ್ಲಿ, ಐದೈದು ಅಡಿಗೆ ಒಂದರಂತೆ ನಾಲ್ಕಿಂಚಿನ ಪೈಪು ಎರಡು ಸಾಲು. ಮಳೆಗಾಲದಲ್ಲಿ ನೆನೆದ ಮಣ್ಣಿನೊಳಗಿನ ನೀರು ಹೊರಗೆ ಬರಲು ದಾರಿ ಇಲ್ಲದಿದ್ದರೆ ಎಂಥ ಗೋಡೆಯನ್ನೂ ಅದು ತಳ್ಳುತ್ತದೆ. ಬರೆಯ ತಲೆಯ ಮೇಲೊಂದು ಚರಂಡಿ, ಅದು ಪಕ್ಕದಿಂದ ಇಳಿದು ರಸ್ತೆ ಚರಂಡಿಗೆ ಸೇರುತ್ತದೆ. ಸೈಟಿನ ಮೂಲೆಯಲ್ಲಿ ಒಂದು ನಂದಿ ಮರ ಇತ್ತು. ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಮಗೆ ಕಡಿಯಲೂ ಮನಸ್ಸಿರಲಿಲ್ಲ, ಅದರ ಬೇರು ಆ ಮೂಲೆಯ ಮಣ್ಣನ್ನು ಹಿಡಿದಿದೆ. ಕಾರು ನಿಲ್ಲಿಸುವ ಜಾಗವನ್ನೇ ಆಚೆ ತಿರುಗಿಸಿದೆವು.

ನಮ್ಮ ಕಡೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ ಪ್ಲಾನ್‌ನಲ್ಲೇ ತೋರಿಸಬೇಕು. ಕೆಳಗಿನ ಮನೆಯವರ ಬಾವಿಯಿಂದ ಇಂಗುಗುಂಡಿ ದೂರ ಇರಬೇಕಾದ್ದರಿಂದ ಅದನ್ನು ಎರಡು ಸಲ ಜಾಗ ಬದಲಿಸಿದೆವು. ಮಳೆನೀರು ಕೊಯ್ಲಿನ ಗುಂಡಿಯೂ ಅದೇ ಹಾಳೆಯಲ್ಲಿ.

ಕಾಗದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರಯಪತ್ರ, ಪರಿವರ್ತನೆ ಆದೇಶ, ಬಡಾವಣೆ ನಕ್ಷೆ, ಇ-ಖಾತೆ, ಆ ವರ್ಷದ ಕಂದಾಯ ಕಟ್ಟಿದ ರಸೀದಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ತೆಗೆದ ಋಣಭಾರ ಪತ್ರ (ಇಸಿ), ಆಧಾರ್. ಕ್ರಯಪತ್ರದಲ್ಲಿ, ಖಾತೆಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಥರ ಇರಬೇಕು. ನನ್ನ ಹೆಂಡತಿಯ ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಇರಲೇ ಇಲ್ಲ. ಇಬ್ಬರೂ ಒಬ್ಬರೇ ಅಂತ ಪ್ರಮಾಣಪತ್ರ ಮಾಡಿಸಲು ನಾಲ್ಕು ದಿನ ಹೋಯಿತು. ಕೊಡಗಿನಲ್ಲಿ ಇದು ತುಂಬಾ ಮನೆಗಳಲ್ಲಿ ಇರುವ ತೊಂದರೆ, ಮೊದಲೇ ನೋಡಿಕೊಳ್ಳಿ.

ಅರ್ಜಿ ಕೊಟ್ಟಾಗ, ಸರ್ಕಾರಿ ಸೇವೆ ಗಡುವಿನೊಳಗೆ ಸಿಗಲಿ ಅಂತ ಇರುವ ಸಕಾಲ ಯೋಜನೆಯ ಹದಿನೈದು ಅಂಕಿಯ ಸಂಖ್ಯೆ ಕೇಳಿ ಪಡೆಯಿರಿ. ನಾನು ಪ್ರತಿ ಸಲ ವಿಚಾರಿಸಲು ಹೋದಾಗ ಆ ಸಂಖ್ಯೆ ಹೇಳಿಯೇ ಮಾತು ಶುರು ಮಾಡುತ್ತಿದ್ದೆ. ಫೈಲು ಯಾರ ಮೇಜಿನ ಮೇಲಿದೆ ಅಂತ ಬೇಗ ಗೊತ್ತಾಗುತ್ತಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಹೊಸ ಪ್ಲಾನ್ ಕೊಟ್ಟೆವು, ಅಕ್ಟೋಬರ್‌ನಲ್ಲಿ ಮತ್ತೆ ಅಳೆದರು, ನವೆಂಬರ್‌ನಲ್ಲಿ ಶುಲ್ಕ ಕಟ್ಟಲು ಹೇಳಿದರು. ಲೈಸೆನ್ಸ್ ಶುಲ್ಕ, ಅಭಿವೃದ್ಧಿ ಶುಲ್ಕ ಇವೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಬಂದದ್ದು ಕಾರ್ಮಿಕರ ಕಲ್ಯಾಣ ಸೆಸ್. 2023ರಲ್ಲಿ ಸ್ವಂತ ವಾಸದ ಮನೆಯ ವೆಚ್ಚ 10 ಲಕ್ಷ ದಾಟಿದರೆ ಕಟ್ಟಡದ ವೆಚ್ಚದ ಶೇ. 1 ಕಟ್ಟಬೇಕಿತ್ತು. ನಮ್ಮ ಮನೆಯ ವೆಚ್ಚ 32 ಲಕ್ಷ ಅಂತ ಲೆಕ್ಕ ಹಾಕಿದರು, 32 ಸಾವಿರ ಆಯಿತು. ನಮ್ಮ ಮನೆಗೆ ಕೆಲಸ ಮಾಡುವವರ ಹೆಸರಿಗೇ ಹೋಗುವ ದುಡ್ಡು, ಬೇಸರ ಆಗಲಿಲ್ಲ. ಆದರೆ ಬಜೆಟ್‌ನಲ್ಲಿ ಮೊದಲೇ ಇಟ್ಟುಕೊಳ್ಳಬೇಕಿತ್ತು.

ನಮ್ಮ ಕಡೆ ತಿಂಗಳುಗಳ ಲೆಕ್ಕವೇ ಬೇರೆ. ಜೂನ್ ಬಂದರೆ ಮಣ್ಣಿನ ಕೆಲಸ ನಿಲ್ಲುತ್ತದೆ, ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ಪಾಯ ತೆಗೆಯುವ ಮಾತೇ ಇಲ್ಲ. ನವೆಂಬರ್-ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ನೆಲ ಒಣಗುತ್ತದೆ. ಆದರೆ ಆಗಲೇ ಕಾಫಿ ಕೊಯ್ಲು ಶುರು, ಆಳುಗಳು ತೋಟಕ್ಕೆ ಹೋಗುತ್ತಾರೆ. ಲೈಸೆನ್ಸ್ ಡಿಸೆಂಬರ್ ದಾಟಿ ಫೆಬ್ರವರಿಗೆ ಸಿಕ್ಕಿದರೆ ಮಳೆಗೆ ಮೊದಲು ಚಾವಣಿ ಏರುವುದು ಕಷ್ಟ. ಅದಕ್ಕೇ ಅರ್ಜಿ ಕೆಲಸವನ್ನೆಲ್ಲ ಮಳೆಗಾಲದಲ್ಲೇ ಮುಗಿಸಿ ಅನ್ನುತ್ತೇನೆ. ಹೇಗೂ ಆಗ ಬೇರೆ ಕೆಲಸ ಆಗುವುದಿಲ್ಲ. ಬರೆಯಿಂದ ನೀರು ಎಲ್ಲಿ ಒಸರುತ್ತದೆ ಅಂತ ಆಗ ಕಣ್ಣಿಗೇ ಕಾಣುತ್ತದೆ. ನಾವು ಡಿಸೆಂಬರ್‌ನಲ್ಲಿ ಮೊದಲು ತಡೆಗೋಡೆ ಕಟ್ಟಿದೆವು, ಆಮೇಲೆ ಮನೆಯ ಪಾಯ. ಮೇಸ್ತ್ರಿಗೆ ಇದು ಇಷ್ಟ ಇರಲಿಲ್ಲ, ಸಾಮಾನು ಇಳಿಸಲು ಜಾಗ ಸಾಲುವುದಿಲ್ಲ ಅಂದರು. ನಾನು ಬಿಡಲಿಲ್ಲ.

ಪಾಯಕ್ಕೆ ಸುಣ್ಣದ ಗೆರೆ ಹಾಕಿದ ದಿನ ಪ್ಲಾನ್ ಕೈಯಲ್ಲಿ ಹಿಡಿದು ನಾಲ್ಕೂ ಕಡೆಯ ಸೆಟ್‌ಬ್ಯಾಕ್ ನಾನೇ ಅಳೆದೆ. ಒಂದು ಕಡೆ ಅರ್ಧ ಅಡಿ ಹೊರಗೆ ಹೋಗಿತ್ತು. ಸುಣ್ಣ ಅಳಿಸಿ ಮತ್ತೆ ಹಾಕಿಸಿದೆ. ಆಗ ಹತ್ತು ನಿಮಿಷದ ಕೆಲಸ ಅದು. ಗೋಡೆ ಎದ್ದ ಮೇಲಾದರೆ ಕೊನೆಯಲ್ಲಿ ಸಿಗುವ ಪತ್ರಕ್ಕೇ ಕುತ್ತು. ಆ ಪತ್ರ ಈಗ ತುಂಬಾ ಮುಖ್ಯ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ಕಟ್ಟಡ ಪ್ಲಾನ್ ಪ್ರಕಾರ ಇದೆ ಅಂತ ಸ್ವಾಧೀನ ಪತ್ರ ಸಿಕ್ಕಿದ ಮೇಲೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಹೇಳಿದೆ. ನಮ್ಮ ಮನೆ ಮುಗಿದದ್ದು ಅದರ ನಂತರ. ಕೊನೆಯ ಸಲ ಅಳೆಯಲು ಬಂದವರು ಟೇಪು ಹಿಡಿದು ಸುತ್ತು ಬಂದರು, ಮಳೆನೀರಿನ ಗುಂಡಿಯ ಮುಚ್ಚಳ ತೆಗೆಸಿ ನೋಡಿದರು, ತಡೆಗೋಡೆಯ ಪೈಪುಗಳನ್ನು ಎಣಿಸಿದರು. ಹದಿನಾರು ಇದ್ದವು, ಪ್ಲಾನ್‌ನಲ್ಲಿ ತೋರಿಸಿದಷ್ಟೇ. ಪತ್ರ ಎರಡು ವಾರದಲ್ಲಿ ಬಂತು. ಅದನ್ನು ಲೈಸೆನ್ಸ್ ಪ್ರತಿಯ ಜೊತೆಗಿಟ್ಟು ಚೆಸ್ಕಾಂಗೆ ಕೊಟ್ಟೆ, ತಾತ್ಕಾಲಿಕ ಮೀಟರ್ ಬಿಚ್ಚಿ ಕಾಯಂ ಮೀಟರ್ ಹಾಕಿಹೋದರು.