ಅಜ್ಜಿ, ಮಕ್ಕಳೊಟ್ಟಿಗೆ ಮಂಗಳೂರು ದಸರಾ: ಯಾವತ್ತು ಹೋಗುವುದು, ಎಲ್ಲಿ ನಿಲ್ಲುವುದು?

ಮಾರ್ನಮಿ, ಅಂದರೆ ನವರಾತ್ರಿ, ಹತ್ತಿರ ಬಂದಾಗ ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಒಂದೇ ಮಾತು. "ಈ ಸರ್ತಿ ಕುದ್ರೋಳಿಗೆ ಎಲ್ಲರೂ ಒಟ್ಟಿಗೆ ಹೋಗುವಾ." ಕುದ್ರೋಳಿ ಎಂದರೆ ಮಂಗಳೂರು ದಸರಾ ನಡೆಯುವ ಗೋಕರ್ಣನಾಥ ದೇವಸ್ಥಾನ. ಆದರೆ ಹೊರಡುವುದು ಯಾವಾಗ? ವಿಜಯದಶಮಿಯ ಸಂಜೆ, ಇಡೀ ಜಿಲ್ಲೆಯೇ ಪೇಟೆಗೆ ಇಳಿದಿರುವಾಗ. ದೇವರ ದರ್ಶನ, ಲೈಟಿಂಗ್, ಹುಲಿವೇಷ, ಮೆರವಣಿಗೆ, ಐಸ್‌ಕ್ರೀಮ್ ಎಲ್ಲ ಒಂದೇ ರಾತ್ರಿಯಲ್ಲಿ ಆಗಬೇಕು. ಒಂಬತ್ತು ಗಂಟೆಗೆ ಮಗು ಅಪ್ಪನ ಹೆಗಲ ಮೇಲೆ ನಿದ್ದೆ ಮಾಡಿರುತ್ತದೆ. ಅಜ್ಜಿಗೆ ಕೂರಲು ಜಾಗ ಸಿಕ್ಕಿರುವುದಿಲ್ಲ. ಮೆರವಣಿಗೆ ಮಾತ್ರ ಇನ್ನೂ ಬಂದೇ ಇರುವುದಿಲ್ಲ.

ದಸರಾವನ್ನು ಎರಡು ಸಂಜೆಗೆ ಹಂಚಿಕೊಳ್ಳಿ. ಒಂದು ಸಂಜೆ ದೇವಸ್ಥಾನಕ್ಕೆ, ಇನ್ನೊಂದು ಸಂಜೆ ಮೆರವಣಿಗೆಗೆ. ಇಷ್ಟು ಮಾಡಿದರೆ ಅರ್ಧ ಕಷ್ಟ ಕಡಿಮೆ. ಉಳಿದ ಅರ್ಧಕ್ಕೆ ಏನು ಮಾಡಬೇಕು ಎಂದು ಕೆಳಗೆ ಬರೆದಿದ್ದೇನೆ.

ಮೊದಲು ದಿನ ಗೊತ್ತುಮಾಡಿ

ಕುದ್ರೋಳಿಯಲ್ಲಿ ಗಣಪತಿ, ಶಾರದೆ, ನವದುರ್ಗೆಯರ ಪ್ರತಿಷ್ಠೆ ಆಗುವುದು ನವರಾತ್ರಿಯ ಮೊದಲ ದಿನವೇ. ಪೇಟೆಯ ರಸ್ತೆಗಳಿಗೂ ಆಗಲೇ ದೀಪದ ಸರ ಏರಿರುತ್ತದೆ. ಅಂದರೆ ಕೊನೆಯ ದಿನದವರೆಗೆ ಕಾಯಬೇಕಾದದ್ದು ಮೆರವಣಿಗೆಗೆ ಮಾತ್ರ. ಉಳಿದ ಎಲ್ಲವೂ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಆರಾಮವಾಗಿ ನೋಡಲು ಸಿಗುತ್ತದೆ. ಶನಿವಾರ, ಭಾನುವಾರ ಬಿಡಿ. ಮಂಗಳವಾರವೋ ಬುಧವಾರವೋ ಹೋಗಿ. ಸಪ್ತಮಿ ದಾಟಿದ ಮೇಲೆ ಜನ ಜಾಸ್ತಿಯಾಗುತ್ತಾ ಹೋಗುತ್ತಾರೆ.

ಮನೆಯಲ್ಲಿ ಎಲ್ಲರಿಗಿಂತ ಬೇಗ ಸುಸ್ತಾಗುವವರು ಯಾರು ಎಂದೂ ನೋಡಿಕೊಳ್ಳಿ. ಮೂರು ವರ್ಷದ ಮಗು ಇರಬಹುದು, ಮೊಣಕಾಲು ನೋವಿನ ಅಜ್ಜ ಇರಬಹುದು. ಗಂಟೆಯ ಲೆಕ್ಕ ಅವರದ್ದೇ ಇರಲಿ. ಅಜ್ಜನಿಗೆ ಎರಡು ಗಂಟೆ ಮಾತ್ರ ಆಗುವುದಾದರೆ ಇಡೀ ಮನೆಯ ತಿರುಗಾಟವೂ ಎರಡು ಗಂಟೆಯದ್ದೇ. ಇಡೀ ರಾತ್ರಿ ತಿರುಗಬೇಕೆನ್ನುವ ಕಾಲೇಜು ಮಕ್ಕಳು ಇನ್ನೊಂದು ದಿನ ಅವರಷ್ಟಕ್ಕೆ ಹೋಗಲಿ.

ದೇವಸ್ಥಾನದ ಸಂಜೆ

ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು ಕುದ್ರೋಳಿ ತಲುಪಿ. ಹಗಲು ಬೆಳಕಿನಲ್ಲಿ ದರ್ಶನ ಮುಗಿಸಿ ಅಂಗಳಕ್ಕೆ ಬರುವಾಗ ದೀಪ ಹತ್ತುತ್ತದೆ. ಮಕ್ಕಳಿಗೆ ಅದೇ ದೊಡ್ಡ ಖುಷಿ. ಕತ್ತಲಾದ ಮೇಲೆ ಬಂದವರಿಗೆ ಆ ಗಳಿಗೆ ತಪ್ಪಿಹೋಗುತ್ತದೆ.

ಮಕ್ಕಳನ್ನು ಸುಮ್ನೆ ಸಾಲಿನಲ್ಲಿ ಎಳೆದುಕೊಂಡು ಹೋಗಬೇಡಿ. ಮುನ್ನಾದಿನವೇ ನವದುರ್ಗೆಯರ ಹೆಸರು ಹೇಳಿಕೊಡಿ: ಶೈಲಪುತ್ರಿ, ಬ್ರಹ್ಮಚಾರಿಣಿ, ಚಂದ್ರಘಂಟಾ, ಕೂಷ್ಮಾಂಡಾ, ಸ್ಕಂದಮಾತಾ, ಕಾತ್ಯಾಯನಿ, ಕಾಳರಾತ್ರಿ, ಮಹಾಗೌರಿ, ಸಿದ್ಧಿದಾತ್ರಿ. ಜಪಮಾಲೆ, ಕಮಂಡಲ ಹಿಡಿದವಳು ಬ್ರಹ್ಮಚಾರಿಣಿ. ಮಡಿಲಲ್ಲಿ ಮಗು ಇರುವವಳು ಸ್ಕಂದಮಾತೆ. ಕಾಳರಾತ್ರಿಯ ವಾಹನ ಕತ್ತೆ ಎಂದು ಹೇಳಿದರೆ ಮಕ್ಕಳು ಆ ಹೆಸರನ್ನು ಮರೆಯುವುದೇ ಇಲ್ಲ. ಮಂಟಪದ ಮುಂದೆ ನಿಂತಾಗ "ಇದು ಯಾರು ಹೇಳು" ಎಂದು ಕೇಳಿ. ಸಾಲು ಮುಂದೆ ಹೋದದ್ದೇ ಗೊತ್ತಾಗುವುದಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಈ ದೇವಸ್ಥಾನದ ಕಥೆಯನ್ನೂ ಹೇಳಲೇಬೇಕು. ಬೇರೆ ದೇವಸ್ಥಾನಗಳೊಳಗೆ ಪ್ರವೇಶ ಇಲ್ಲದಿದ್ದ ಕಾಲದಲ್ಲಿ ಬಿಲ್ಲವ ಸಮಾಜದ ಹಿರಿಯರು ನಾರಾಯಣ ಗುರುಗಳನ್ನು ಕರೆಸಿಕೊಂಡರು. 1912ರಲ್ಲಿ ಗುರುಗಳು ಇಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. 1991ರಲ್ಲಿ ದೇವಸ್ಥಾನ ಹೊಸ ರೂಪ ಪಡೆಯಿತು. ಇವತ್ತು ನಾವು ನೋಡುವ ಅದ್ದೂರಿ ದಸರಾ ಬೆಳೆದದ್ದು ಆ ನಂತರ, ಕೇಂದ್ರದ ಮಾಜಿ ಸಚಿವ ಬಿ. ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದ್ದೂ ಇದೇ ದೇವಸ್ಥಾನ. ಲೈಟಿಂಗ್ ಎದುರು ಸೆಲ್ಫಿ ತೆಗೆಯುವುದರ ಜೊತೆಗೆ ಇಷ್ಟು ವಿಷಯ ಮಕ್ಕಳ ಕಿವಿಗೆ ಬಿದ್ದರೆ ಹೋಗಿ ಬಂದದ್ದಕ್ಕೂ ಒಂದು ತೂಕ ಬರುತ್ತದೆ.

ಹುಲಿಯ ಹೆದರಿಕೆ ಬಿಡಿಸುವುದು

ನವರಾತ್ರಿ ಎಂದರೆ ಹುಲಿವೇಷ. ತಾಸೆ ಎಂಬ ಚರ್ಮವಾದ್ಯದ ಪೆಟ್ಟು ಕೇಳಿದರೆ ನಮಗೆಲ್ಲ ಕಾಲು ನಿಲ್ಲುವುದಿಲ್ಲ. ಆದರೆ ಸಣ್ಣ ಮಕ್ಕಳಲ್ಲಿ ಹಲವರು ಹುಲಿ ಕಂಡ ಕೂಡಲೇ ಅಮ್ಮನ ಸೆರಗಿಗೆ ಮುಖ ಒತ್ತುತ್ತಾರೆ. ಅವರನ್ನು ಎತ್ತಿ ಹುಲಿಯ ಹತ್ತಿರ ಹಿಡಿದು ಫೋಟೊ ತೆಗೆಯುವುದು ದಯವಿಟ್ಟು ಬೇಡ. ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ.

ಅದಕ್ಕಿಂತ, ಬಣ್ಣ ಬಳಿಯುವ ಜಾಗಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಊರಿನ ಯುವಕ ಮಂಡಲವೋ ಹುಲಿ ತಂಡವೋ ಇದ್ದರೆ ಯಾರಲ್ಲಾದರೂ ಮೊದಲೇ ಕೇಳಿಕೊಳ್ಳಿ. ಊದು ಪೂಜೆ (ಬಣ್ಣ ಬಳಿಯುವ ಮೊದಲು ಧೂಪ ಹಾಕಿ ಮಾಡುವ ಪೂಜೆ) ಆದ ಮೇಲೆ ವೇಷ ಹಾಕುವವರು ಕೈ ಅಗಲಿಸಿ, ಕೋಲಿನ ಆಧಾರದಲ್ಲಿ ನಿಂತಿರುತ್ತಾರೆ. ಮೈಯಿಡೀ ಮೊದಲು ಒಂದು ಬಣ್ಣ. ಅದು ಒಣಗಿದ ಮೇಲೆ ಪಟ್ಟೆ. ಬ್ರಶ್ ಹಿಡಿದವರು ಬೆನ್ನಿನ ನಡುವಿನಿಂದ ಪಕ್ಕೆಗೆ ಪಟ್ಟೆ ಎಳೆಯುತ್ತಾರೆ, ಎಡಕ್ಕೊಂದು, ಬಲಕ್ಕೊಂದು. ಕೆಲವು ತಂಡಗಳಲ್ಲಿ ಹಸಿ ಬಣ್ಣದ ಮೇಲೆ ಕುರಿಯ ಉಣ್ಣೆ ಅಂಟಿಸುತ್ತಾರೆ. ಬಣ್ಣ ಒಣಗುವ ತನಕ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಪಕ್ಕದ ಮನೆಯ ಅಣ್ಣ ಕಣ್ಣೆದುರೇ ಹುಲಿಯಾಗುವುದನ್ನು ಮಗು ನೋಡಬೇಕು. ಕೊನೆಗೆ ಆ ಹುಲಿಯೇ "ಎಂತ, ಚಾ ಆಯ್ತಾ?" ಎಂದು ಮಾತಾಡಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಮತ್ತೆ ಪೇಟೆಯಲ್ಲಿ ಹುಲಿ ಬಂದಾಗ ಹೆಸರು ಹಿಡಿದು ಕೂಗುವುದು ಅದೇ ಮಗು.

ಕುಣಿತದಲ್ಲಿ ಏನು ನೋಡಬೇಕೆಂದು ಮಕ್ಕಳಿಗೆ ತೋರಿಸಿಕೊಡಿ. ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ತೆಗೆಯುವುದು, ಅಕ್ಕಿಮುಡಿಯನ್ನು (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು. ವರ್ಷವಿಡೀ ಬೇರೆ ಕೆಲಸ ಮಾಡಿಕೊಂಡಿರುವ ಹುಡುಗರು ಇದನ್ನು ಕಲಿತು ಬಂದಿರುತ್ತಾರೆ. ಚಪ್ಪಾಳೆ ಜೋರಾಗಿಯೇ ಇರಲಿ.

ಒಂದು ಎಚ್ಚರಿಕೆ ಬೇಕು. ತಾಸೆ, ಡೋಲು ಸಾಲದ್ದಕ್ಕೆ ಈಗ ಡಿಜೆಯೂ ಉಂಟು. ಕೂಸುಗಳ ಕಿವಿಗೆ ಅದು ತಡೆಯುವ ಸದ್ದಲ್ಲ. ಸ್ಪೀಕರ್ ಗಾಡಿ ಬರುವುದು ಕಂಡರೆ ಮೊದಲೇ ಅಡ್ಡರಸ್ತೆಗೆ ಸರಿದುಬಿಡಿ.

ಮೆರವಣಿಗೆಯ ದಿನ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲಕ್ಕಿಂತ ಕಷ್ಟ ಇರುವುದು ಇದರಲ್ಲೇ.

ವಿಜಯದಶಮಿಯ ಸಂಜೆ ಕುದ್ರೋಳಿಯಿಂದ ಹೊರಟ ಮೆರವಣಿಗೆ ಮಣ್ಣಗುಡ್ಡೆ, ಲೇಡಿಹಿಲ್‌ನ ನಾರಾಯಣ ಗುರು ವೃತ್ತ, ಲಾಲ್‌ಬಾಗ್, ಬಲ್ಲಾಳ್‌ಬಾಗ್, ಪಿವಿಎಸ್ ವೃತ್ತ, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ, ಕಾರ್‌ಸ್ಟ್ರೀಟ್ ಹಾದು ಮತ್ತೆ ಕುದ್ರೋಳಿಗೇ ಬರುತ್ತದೆ. ವಿಗ್ರಹಗಳ ವಿಸರ್ಜನೆ ದೇವಸ್ಥಾನದ ಪುಷ್ಕರಿಣಿಯಲ್ಲಿ, ಅಷ್ಟೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ.

ಈ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ಎಳೆದು ನೋಡಿ. ಅದು ಪೇಟೆಯ ಸುತ್ತ ಹಾಕಿದ ಬಳೆ. ಕೊಡಿಯಾಲ್‌ಬೈಲ್, ಡೊಂಗರಕೇರಿಯ ಕಡೆ ಗಾಡಿ ಇಟ್ಟವರು ಬಳೆಯ ಒಳಗೆ ಸಿಕ್ಕಿಕೊಂಡ ಹಾಗೆಯೇ. ಮಗು ಅತ್ತರೂ, ಅಜ್ಜಿಗೆ ತಲೆ ತಿರುಗಿದರೂ ಗಾಡಿ ಹೊರಗೆ ತರಲಾಗುವುದಿಲ್ಲ. ಹಾಗಾಗಿ ಗಾಡಿ ಇಡುವುದೂ ನಿಲ್ಲುವುದೂ ಬಳೆಯ ಹೊರಗೆ, ನಿಮ್ಮ ಮನೆ ಇರುವ ದಿಕ್ಕಿನಲ್ಲೇ. ಸುರತ್ಕಲ್, ಕೂಳೂರು ಕಡೆಯವರು ಕೊಟ್ಟಾರ, ಚಿಲಿಂಬಿಯಲ್ಲಿ ಗಾಡಿ ಬಿಟ್ಟು ಲೇಡಿಹಿಲ್‌ಗೆ ನಡೆದು ಬನ್ನಿ. ಕಾವೂರು, ಬೊಂದೇಲ್ ಕಡೆಯವರಿಗೆ ಬಿಜೈ ಕಡೆಯಿಂದ ಲಾಲ್‌ಬಾಗ್. ತೊಕ್ಕೊಟ್ಟು, ಕಂಕನಾಡಿಯವರಿಗೆ ಹಂಪನಕಟ್ಟೆ. ಮೆರವಣಿಗೆ ಶುರುವಾದ ಮೇಲೆ ರಸ್ತೆ ದಾಟುವ ಆಲೋಚನೆಯೇ ಬೇಡ. ಸಿಟಿ ಬಸ್ಸುಗಳ ದಾರಿಯೂ ಆ ದಿನ ಬದಲಾಗುತ್ತದೆ. ಪೊಲೀಸರು ಒಂದೆರಡು ದಿನ ಮೊದಲು ಕೊಡುವ ಸಂಚಾರ ಬದಲಾವಣೆಯ ಪ್ರಕಟಣೆಯನ್ನು ಪೇಪರಿನಲ್ಲಿ ನೋಡಿಟ್ಟುಕೊಳ್ಳಿ.

ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ನಾನು ಹೇಳುವುದು ಲೇಡಿಹಿಲ್‌ನಿಂದ ಲಾಲ್‌ಬಾಗ್‌ವರೆಗಿನ ಭಾಗವನ್ನೇ. ಮೆರವಣಿಗೆ ಇಲ್ಲಿಗೆ ಬೇಗ ಬರುತ್ತದೆ, ರಸ್ತೆಯೂ ಅಗಲ. ಹಂಪನಕಟ್ಟೆಗೆ ಬರುವಷ್ಟರಲ್ಲಿ ರಾತ್ರಿ ತುಂಬಾ ಆಗಿರುತ್ತದೆ, ಕಾರ್‌ಸ್ಟ್ರೀಟ್‌ಗೆ ಇನ್ನೂ ತಡ. ಅಜ್ಜಿಗೆ ಒಂದು ಮಡಚುವ ಸ್ಟೂಲ್ ತನ್ನಿ. ಪರಿಚಯದವರ ಅಂಗಡಿಯ ಮೆಟ್ಟಿಲು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮುಂದಿನ ಸಾಲು ಬೇಡ, ನೂಕುನುಗ್ಗಲು ಶುರುವಾಗುವುದು ಅಲ್ಲಿ. ಎರಡು ಸಾಲು ಹಿಂದೆ, ಎತ್ತರದ ಕಟ್ಟೆಯ ಮೇಲೆ ನಿಂತರೆ ಟ್ಯಾಬ್ಲೊ ಚೆನ್ನಾಗಿಯೇ ಕಾಣುತ್ತದೆ.

ಎಲ್ಲ ಟ್ಯಾಬ್ಲೊ ನೋಡಿಯೇ ಹೋಗಬೇಕೆಂದು ಹಟ ಹಿಡಿಯಬೇಡಿ. ಒಂದಾದ ಮೇಲೆ ಒಂದು ಬರುವುದಾದರೂ ನಡುನಡುವೆ ಖಾಲಿ ಹೊತ್ತು ತುಂಬಾ. "ಅಜ್ಜಿ, ಇನ್ನು ಎಂತ ಬರ್ತದೆ?" ಎಂದು ಮಗು ಕೇಳುವುದು ನಿಂತಿತೆಂದರೆ ಹೊರಡುವ ಹೊತ್ತಾಯಿತು ಎಂದೇ ಅರ್ಥ.

ಚೀಲದಲ್ಲಿ ಏನಿರಲಿ

ಕೊಡೆ ಮರೆಯಬೇಡಿ. ನವರಾತ್ರಿಯ ಹೊತ್ತಿಗೆ ಮಳೆಗಾಲ ಮುಗಿಯಿತೆಂದು ಕಾಣುತ್ತದೆ, ಆದರೆ ಸಂಜೆಯ ಗುಡುಗುಮಳೆ ಹೇಳಿ ಕೇಳಿ ಬರುವುದಲ್ಲ. ನೀರು, ಬಿಸ್ಕತ್ತು, ಅಜ್ಜಿಯ ಮಾತ್ರೆ, ಮಗುವಿಗೆ ಇನ್ನೊಂದು ಜೊತೆ ಬಟ್ಟೆ. ಚಿನ್ನ ಮನೆಯಲ್ಲೇ ಇರಲಿ. ಮಗುವಿನ ಕೈಗೆ ನಿಮ್ಮ ಫೋನ್ ನಂಬರ್ ಪೆನ್ನಲ್ಲಿ ಬರೆಯಿರಿ. ಜನ ಸೇರಿದಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗದೇ ಹೋಗಬಹುದು, ಆದ್ದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಿ. "ಸರ್ಕಲ್ ಹತ್ತಿರ" ಎಂದರೆ ಸಾಲದು, ಇಂಥ ಅಂಗಡಿಯ ಬಾಗಿಲು ಎಂದು ಹೇಳಿ.

ಮನೆಯಲ್ಲಿ ಹೊಟ್ಟೆತುಂಬಾ ತಿಂದೇ ಹೊರಡಿ. ಪೇಟೆಯಲ್ಲಿ ಚರ್ಮುರಿ, ಗೋಳಿಬಜೆ, ಕಬ್ಬಿನ ಹಾಲು ಬಾಯಿರುಚಿಗೆ ಮಾತ್ರ. ಶೌಚಾಲಯದ ವಿಷಯ ಯಾರೂ ಮೊದಲು ಯೋಚಿಸುವುದಿಲ್ಲ, ಆದರೆ ಹೆಂಗಸರು, ವಯಸ್ಸಾದವರು ನೀರು ಕುಡಿಯದೆ ಕೂರುವುದು ಇದೇ ಕಾರಣಕ್ಕೆ. ಲಾಲ್‌ಬಾಗ್ ಕಡೆ ನಿಲ್ಲುವವರಿಗೆ ಬಿಜೈಯ ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡ್ ಹತ್ತಿರದಲ್ಲೇ ಉಂಟು. ಜನ ಸೇರುವ ಮೊದಲೇ ಒಮ್ಮೆ ಹೋಗಿ ಬನ್ನಿ.

ಗದ್ದಲವೇ ಬೇಡ ಎನ್ನುವವರಿಗೆ

ಮಂಗಳಾದೇವಿಯ ರಥ ಎಳೆಯುವುದು ನವರಾತ್ರಿಯ ಕೊನೆಗೆ, ತೇರು ಮಾರ್ನಮಿಕಟ್ಟೆಯವರೆಗೆ ಹೋಗುತ್ತದೆ. ಊರಿಗೆ ಹೆಸರು ಕೊಟ್ಟ ದೇವಿಯ ಉತ್ಸವ. ಕಾರ್‌ಸ್ಟ್ರೀಟ್‌ನ ಆಚಾರ್ಯ ಮಠದ ಶಾರದೆಗೆ 2022ಕ್ಕೆ ನೂರು ವರ್ಷ ತುಂಬಿತು. ಮಲ್ಲಿಗೆಯ ಅಲಂಕಾರ ನೋಡಲು ಹಗಲಲ್ಲೇ ಹೋಗಿ. ಇನ್ನು, ನಡೆಯಲು ಆಗದ ಹಿರಿಯರಿಗೆ ಕೆಎಸ್‌ಆರ್‌ಟಿಸಿಯ ದಸರಾ ದರ್ಶನ ಬಸ್ ಒಳ್ಳೆಯದು. ಮಂಗಳಾದೇವಿ, ಪೊಳಲಿ, ಕಟೀಲು, ಬಪ್ಪನಾಡು ಕಡೆಯ ದೇವಸ್ಥಾನಗಳನ್ನು ಒಂದೇ ದಿನದಲ್ಲಿ ತೋರಿಸಿ ವಾಪಸ್ ತರುತ್ತದೆ. ಸೀಟು ಮೊದಲೇ ಬುಕ್ ಮಾಡಿ.

ಉಳಿದ ಹಬ್ಬಗಳಿಗೂ ಇದೇ ಲೆಕ್ಕ

ಉಡುಪಿಯ ಕೃಷ್ಣ ಮಠದಲ್ಲಿ ಕೃಷ್ಣಾಷ್ಟಮಿಯ ಮರುದಿನ ನಡೆಯುವ ಮೊಸರುಕುಡಿಕೆಯ ಹಬ್ಬ ವಿಟ್ಲಪಿಂಡಿಗೆ ಹೋಗುವವರು ತಾರೀಕು ಸರಿಯಾಗಿ ನೋಡಿಕೊಳ್ಳಿ. ಮಠದಲ್ಲಿ ಸೌರಮಾನದ ಲೆಕ್ಕ, ಆದ್ದರಿಂದ ಬೇರೆ ಊರಿನ ಅಷ್ಟಮಿಗೂ ಇಲ್ಲಿನದಕ್ಕೂ ಕೆಲವು ಸಲ ತಿಂಗಳಿನ ಅಂತರ ಇರುತ್ತದೆ. 2025ರಲ್ಲಿ ಬೇರೆ ಕಡೆ ಆಗಸ್ಟ್ 16ಕ್ಕೆ ಅಷ್ಟಮಿ ಮುಗಿದಿತ್ತು, ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಅಷ್ಟಮಿ, ಮರುದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಮೊಸರುಕುಡಿಕೆ ಒಡೆಯುವಾಗ ಕುಡಿಕೆ ಕಟ್ಟುವ ಗುರ್ಜಿಗಳ ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ, ನೂಕಾಟ ಅಲ್ಲೇ ಜಾಸ್ತಿ.

ಮಕರ ಸಂಕ್ರಾಂತಿಯ ರಾತ್ರಿ ಉಡುಪಿಯಲ್ಲಿ ಮೂರು ತೇರು. ನೋಡಲು ಚಂದವೇ, ಆದರೆ ಜನ ವಿಪರೀತ. ಮರುದಿನ ಹಗಲಿನಲ್ಲಿ ತೇರು ಎಳೆಯುವ ಚೂರ್ಣೋತ್ಸವ ಇರುತ್ತದೆ. ಮಕ್ಕಳಿಗೆ ತೇರಿನ ಚಕ್ರ, ಹಗ್ಗ, ಬಣ್ಣದ ಬಟ್ಟೆ ಎಲ್ಲ ಸರಿಯಾಗಿ ಕಾಣುವುದು ಆಗಲೇ. ಮಂಗಳೂರಿನಲ್ಲಿ ರಥಸಪ್ತಮಿಯ ಕೋಡಿಯಾಲ್ ತೇರಿಗೆ (ವೆಂಕಟರಮಣ ದೇವಸ್ಥಾನದ ರಥೋತ್ಸವ) ಹೋಗುವವರು ಕಾರ್‌ಸ್ಟ್ರೀಟ್‌ನ ಸಂತೆ ನೋಡಲೆಂದೇ ಒಂದು ಸಂಜೆ ಬೇರೆ ಇಟ್ಟುಕೊಳ್ಳಿ.

ಕಂಬಳದ ಸೀಸನ್ ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ. ರಾತ್ರಿಯಿಡೀ ನಡೆಯುತ್ತದೆ, ಆದರೆ ಮಕ್ಕಳೊಟ್ಟಿಗೆ ಹಗಲು ಹೊತ್ತೇ ಸಾಕು. ಕನೆಹಲಗೆ ವಿಭಾಗದ ಓಟ ಇರುವ ಹೊತ್ತು ಕೇಳಿಕೊಂಡು ಹೋಗಿ. ಹಲಗೆಯ ತೂತಿನಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗುತ್ತದೋ ಇಲ್ಲವೋ ಎಂದು ಮಕ್ಕಳು ಉಸಿರು ಹಿಡಿದು ನೋಡುತ್ತಾರೆ. ಕೋಣ ಓಡಿ ಬಂದು ನಿಲ್ಲುವ ಮಂಜೊಟ್ಟಿಯ ಕಡೆ ಮಾತ್ರ ನಿಲ್ಲಬೇಡಿ, ಕೋಣ ಓಡುವ ಕರೆಯ ಬದಿಯಲ್ಲಿ ಬೇಲಿಯ ಹೊರಗೇ ಇರಿ.

ಉಡುಪಿಯ ಪರ್ಯಾಯ, ಅಂದರೆ ಕೃಷ್ಣ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು. ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವುದು ನಸುಕಿಗೂ ಮೊದಲು. ಸಣ್ಣ ಮಕ್ಕಳಿದ್ದರೆ ಆ ರಾತ್ರಿ ಬೇಡ. ಎರಡು ದಿನ ಮೊದಲು ಸಂಜೆ ಹೋಗಿ ದೀಪಾಲಂಕಾರ ನೋಡಿ, ರಥಬೀದಿಗೆ ಒಂದು ಸುತ್ತು ಹಾಕಿ, ಎಂಟು ಗಂಟೆಯ ಬಸ್ಸಿಗೆ ವಾಪಸ್ ಹೊರಡಿ.