ಉಯಿಲಿಗೆ ಸೇರದ ಮರ

ಸಾವಿನ ನಂತರದ ಮಾತು ಮನೆಯಲ್ಲಿ ಆಡಬಾರದು ಎನ್ನುವವರು ನಮ್ಮ ಸಾಗರದ ಕಡೆ ಬಹಳ. ನಾನೂ ಹಾಗೇ ಇದ್ದೆ. ಮಾವನವರು ಹೋದ ಮೇಲೆ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅಲೆದದ್ದು ನನ್ನನ್ನು ಬದಲಿಸಿತು. ಪಹಣಿಯಲ್ಲಿ ಇನ್ನೂ ಅವರ ಅಪ್ಪನ ಹೆಸರೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ದೂರದೂರಿನಲ್ಲಿರುವ ನಾದಿನಿಯರ ಸಹಿ ಎಂದು ಓಡಾಡಿದ್ದೇ ಓಡಾಡಿದ್ದು. ತೋಟದ ನೀರಿನ ಪೈಪು ಯಾವ ಸಾಲಿನಡಿ ಹೋಗಿದೆ ಎಂಬುದೂ ಮಾವನವರ ಜೊತೆಗೇ ಹೋಗಿತ್ತು.

ಹಾಗಾಗಿ ನಾನೂ ನಮ್ಮನೆಯವರೂ ಮೊದಲು ಶುರುಮಾಡಿದ್ದು ಒಂದು ನೋಟ್‌ಬುಕ್ಕು. ಸರ್ವೆ ನಂಬರು, ಗಡಿಕಲ್ಲು, ಪೈಪಿನ ದಾರಿ, ಸೊಸೈಟಿ ಸಾಲ, ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಷೇರು, ಕೊಟ್ಟ ಕೈಗಡ, ತಂದ ಕೈಗಡ. ಬ್ಯಾಂಕಿನ ಠೇವಣಿಗೆಲ್ಲ ನಾಮಿನಿ ಹಾಕಿಸಿದೆವು. ನಾಮಿನಿ ಅಂದರೆ ದುಡ್ಡು ಕೈಗೆ ಪಡೆಯುವವರು ಅಷ್ಟೇ, ಅದರ ಹಕ್ಕು ವಾರಸುದಾರರದ್ದು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿಟ್ಟೆವು.

ಉಯಿಲು ಬರೆಯಲು ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಆಸ್ತಿಯಲ್ಲಿ ಬಿಡಿಕಾಸೂ ಬರದ ಇಬ್ಬರನ್ನು, ನಮಗಿಂತ ಚಿಕ್ಕ ವಯಸ್ಸಿನವರನ್ನು, ಹುಡುಕಿ ಸಾಕ್ಷಿ ಹಾಕಿಸಿದೆವು. ನಾಳೆ ತಕರಾರು ಬಂದರೆ ಹೇಳುವುದಕ್ಕೆ ಅವರಾದರೂ ಇರಬೇಕಲ್ಲ! ನೋಂದಣಿಯನ್ನೂ ಮಾಡಿಸಿದ್ದು ನಮ್ಮ ಸಮಾಧಾನಕ್ಕೆ.

ಕಷ್ಟವಾದದ್ದು ಕಾಗದವಲ್ಲ, ಮಗಳು. "ನಂಗೆ ತೋಟ ಎಂತಕ್ಕಮ್ಮ, ಅಣ್ಣಂಗೇ ಇರ್ಲಿ" ಅಂದಳು. ನಮ್ಮಲ್ಲಿ ಹೆಣ್ಣುಮಕ್ಕಳು ಹಕ್ಕು ಖುಲಾಸೆಗೆ ಸಹಿ ಹಾಕಿ, ಅರಿಶಿನ ಕುಂಕುಮ ತಗೊಂಡು ಹೋಗುವುದೇ ರೂಢಿ. ನಾನೂ ಹಾಗೇ ಬಂದವಳು. ಆದರೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅವಳ ಪಾಲನ್ನು ನಾವು ಉಯಿಲಿನಲ್ಲಿ ಹಂಚುವ ಹಾಗೂ ಇಲ್ಲ, ನಮ್ಮ ನಮ್ಮ ಪಾಲಿಗಷ್ಟೇ ಉಯಿಲು. "ಬೇಡ ಅಂದ್ರೆ ಆಮೇಲೆ ನೀನೇ ಅಣ್ಣಂಗೆ ಕೊಡು, ಇಲ್ಲ ಅಂತ ಮಾತ್ರ ನಾವು ಬರೆಯೂದಿಲ್ಲ" ಎಂದೆ. ಮಗ ಎರಡು ದಿನ ಸಪ್ಪಗಿದ್ದ, ಆಮೇಲೆ ಸರಿಹೋದ.

ಆಸ್ಪತ್ರೆಯ ವಿಷಯವೂ ಬರೆದಿಟ್ಟಿದ್ದೇವೆ. ವಾಸಿಯಾಗುವ ಆಸೆ ಇಲ್ಲದಾಗ ಯಂತ್ರ ಹಾಕಿ ಉಸಿರು ಎಳೆಸಬೇಡಿ ಎಂದು ಮೊದಲೇ ಬರೆದಿಡುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತ್ತು. 2023ರಿಂದ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿಲ್ಲ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು.

ಇಷ್ಟೆಲ್ಲ ಆದರೂ ಮನೆಯವರೆಲ್ಲ ಅತಿ ಬೆಲೆ ಕೊಡುವ ವಸ್ತು ಒಂದು ಪಟ್ಟಿಗೆ ಸೇರಲಿಲ್ಲ. ಅದು ಸೊಪ್ಪಿನಬೆಟ್ಟದಲ್ಲಿರುವ ಜೀರಿಗೆ ಮಿಡಿಯ ಮರ, ಜೀರಿಗೆಯ ಪರಿಮಳದ ಉಪ್ಪಿನಕಾಯಿ ಮಾವಿನ ಮಿಡಿಯದ್ದು. ಬೆಟ್ಟ ಸರ್ಕಾರದ್ದು, ನಮಗಿರುವುದು ತೋಟಕ್ಕೆ ಸೊಪ್ಪು, ದರಕು (ಒಣಗಿದೆಲೆ) ತರುವ ಸೌಲಭ್ಯ ಮಾತ್ರ. ತನ್ನದಲ್ಲದ್ದನ್ನು ಉಯಿಲು ಬರೆಯುವುದು ಹೇಗೆ? ಮರಕ್ಕೆ ವಯಸ್ಸೂ ಆಗಿದೆ, ಬಂದಳಿಕೆ ಹತ್ತಿದೆ. ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡಗುವವರೂ ಬರುತ್ತಾರೆ.

ನನ್ನ ತವರಿನವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ದಂಡೆಯ ಅಪ್ಪೆಮಿಡಿ ಮಾವಿನ ಮರಗಳೂ ನೀರಿಗೆ ಹೋದವು. ಅಜ್ಜಿ ಮನೆ ಮುಳುಗಿದ್ದಕ್ಕಿಂತ ಹೆಚ್ಚಾಗಿ ಆ ಮಿಡಿಯ ಮಾತನ್ನೇ ಆಡುತ್ತಿದ್ದರು. ಒಂದೇ ಜಾಗದಲ್ಲಿದ್ದದ್ದು ಹೋದರೆ ಹೋದಂತೆಯೇ ಎಂಬುದು ನನಗೆ ಅಲ್ಲಿಂದಲೇ ತಲೆಗೆ ಹತ್ತಿದ್ದು.

ಗೊರಟೆ ನೆಟ್ಟರೆ ತಾಯಿಮರದ ಪರಿಮಳ ಬರುವ ಖಾತ್ರಿಯಿಲ್ಲ, ಕಸಿಯೇ ಆಗಬೇಕು. ಕಾಟುಮಾವಿನ ಗೊರಟೆಯಿಂದ ಸಸಿ ಮಾಡಿಕೊಂಡೆ. ಮರ ಹತ್ತುವವರನ್ನು ಕಾಡಿ ಬೇಡಿ ಕರೆಸಿ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿಗಳ ಎಲೆ ಸವರಿಸಿದೆ. ಒಂದು ವಾರ, ಹತ್ತು ದಿನ ಬಿಟ್ಟರೆ ತುದಿಯ ಮೊಗ್ಗು ಉಬ್ಬುತ್ತದೆ, ಆಗ ಕಡ್ಡಿ ಕೊಯ್ಯಬೇಕು. ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಕಡ್ಡಿಯ ಬುಡವನ್ನು ಎರಡೂ ಕಡೆ ಹೆರೆದು ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರು ತೊಡಿಸುವುದು. ಮಳೆಗಾಲದ ತೇವಕ್ಕೆ ಚೆನ್ನಾಗಿ ಹತ್ತುತ್ತದೆ. ಸಿಪ್ಪೆಗೆ ಸಿಪ್ಪೆ ಒಂದು ಬದಿಯಾದರೂ ಸರಿಯಾಗಿ ಕೂಡಬೇಕು. ನನ್ನ ಕಣ್ಣಿಗೆ ಈಗ ಅದು ಕಷ್ಟ, ಸೊಸೆ ಕಲಿತಿದ್ದಾಳೆ. ನನಗಿಂತ ಅವಳ ಕೈ ಚೆನ್ನ.

ಹತ್ತಿದ ಗಿಡಗಳಲ್ಲಿ ಎರಡನ್ನು ಮಾತ್ರ ನಮ್ಮ ಖಾತೆ ಜಾಗದಲ್ಲಿ ನೆಟ್ಟೆವು. ಉಳಿದವು ನೆಂಟರಿಗೆ, ಊರವರಿಗೆ, ತೋಟಕ್ಕೆ ಕೆಲಸಕ್ಕೆ ಬರುವವರ ಹಿತ್ತಲಿಗೆ ಹೋದವು. ದುಡ್ಡು ತಗೊಳ್ಳಲಿಲ್ಲ, ಒಂದು ಷರತ್ತು ಮಾತ್ರ ಹಾಕಿದೆ: ಯಾರಾದರೂ ಕಡ್ಡಿ ಕೇಳಿದರೆ ಇಲ್ಲ ಅನ್ನಬಾರದು. ಯಾರ ಮನೆಯಲ್ಲಿ ಯಾವ ಮೂಲೆಗೆ ನೆಟ್ಟಿದ್ದಾರೆ ಎಂಬುದು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿದೆ, ಸತ್ತ ಗಿಡಕ್ಕೆ ಅಡ್ಡಗೀಟು ಎಳೆದಿದ್ದೇನೆ. ಈ ಸಲ ಕಡ್ಡಿ ಬೇಕಾದವರು ಮೊದಲೇ ಹೇಳಿ ಬನ್ನಿ. ಎಲೆ ಸವರದೆ ಕೊಯ್ದುಕೊಟ್ಟ ಕಡ್ಡಿ ಹತ್ತುವುದು ಕಡಿಮೆ.