ಕೋಹಾ ಹುಡುಕಾಟವನ್ನು ಫೀಡ್ ಆಗಿಸಿಕೊಳ್ಳುವ ಬಗೆ

ನಿಮ್ಮ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿದ್ದರೆ, ಬೇಕಾದ ವಿಷಯವನ್ನು ಒಮ್ಮೆ ಹುಡುಕಿ, ಫಲಿತಾಂಶಗಳ ಮೇಲ್ಭಾಗದಲ್ಲಿರುವ ಆರ್‌ಎಸ್‌ಎಸ್ (ಜಾಲತಾಣದ ಹೊಸ ಸೇರ್ಪಡೆಗಳನ್ನು ತಿಳಿಸುವ ಪಟ್ಟಿ, ಅಂದರೆ ಫೀಡ್) ಗುರುತಿನ ಕೊಂಡಿಯನ್ನು ನಕಲಿಸಿ, ಫೀಡ್ಲಿ ಅಥವಾ ಥಂಡರ್‌ಬರ್ಡ್‌ನಂತಹ ಫೀಡ್ ರೀಡರಿಗೆ (ಅಂತಹ ಪಟ್ಟಿಗಳನ್ನು ತಂದು ತೋರಿಸುವ ತಂತ್ರಾಂಶಕ್ಕೆ) ಸೇರಿಸಿಕೊಳ್ಳಿ. ರೀಡರ್ ಆ ಕೊಂಡಿಯನ್ನು ತೆರೆದಾಗಲೆಲ್ಲ ಅದೇ ಹುಡುಕಾಟ ಮತ್ತೆ ನಡೆದು, ಗ್ರಂಥಾಲಯಕ್ಕೆ ಇತ್ತೀಚೆಗೆ ಸೇರಿದ ಪುಸ್ತಕಗಳು ಮೊದಲು ಬರುವುದರಿಂದ, ಉದಾಹರಣೆಗೆ ಹಳಗನ್ನಡ ವ್ಯಾಕರಣದ ಬಗ್ಗೆ ಹೊಸ ಪುಸ್ತಕ ಬಂದರೆ ಕ್ಯಾಟಲಾಗನ್ನು ಮತ್ತೆ ಮತ್ತೆ ತಡಕದೆಯೇ ನಿಮಗೆ ತಿಳಿಯುತ್ತದೆ. ಇದಕ್ಕೆ ಗ್ರಂಥಾಲಯದ ಸದಸ್ಯತ್ವದ ಲಾಗಿನ್ ಆಗಲಿ, ಗ್ರಂಥಾಲಯಕ್ಕೆ ಇಮೇಲ್ ವಿಳಾಸ ಕೊಡುವುದಾಗಲಿ ಬೇಕಿಲ್ಲ. ಓದುಗರು ಯಾವ ವಿಷಯವನ್ನು ಹಿಂಬಾಲಿಸುತ್ತಿದ್ದಾರೆ ಎಂಬುದು ಗ್ರಂಥಾಲಯದಲ್ಲಿ ಅವರ ಹೆಸರಿನೊಡನೆ ದಾಖಲಾಗದಿರುವುದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಕಾಲೇಜಿನ ಒಳಜಾಲದಲ್ಲಷ್ಟೇ ತೆರೆಯುವ ಕ್ಯಾಟಲಾಗ್ ಆಗಿದ್ದರೆ ಫೀಡ್ಲಿಯಂತಹ ಹೊರಗಿನ ಸೇವೆಗೆ ಅದು ಸಿಗುವುದಿಲ್ಲ, ಆಗ ಅದೇ ಜಾಲದ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಬಳಸಬೇಕಾಗುತ್ತದೆ. ಸಿಬ್ಬಂದಿ ಪುಸ್ತಕ ಸೇರಿದ ದಿನಾಂಕವನ್ನು ನಮೂದಿಸದಿದ್ದರೆ ಕ್ರಮ ಏರುಪೇರಾಗುತ್ತದೆ. ಇನ್ನೊಂದು ಮಾತು: ಕೆಲವು ಗ್ರಂಥಾಲಯಗಳು ಕನ್ನಡ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ನಮೂದಿಸಿರುತ್ತವೆ, ಆದ್ದರಿಂದ ಎರಡೂ ಲಿಪಿಗಳಲ್ಲಿ ಹುಡುಕಿ ಎರಡು ಫೀಡ್‌ಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.